ಸೊಂಟದ ಕೀಲಿಗೆ ಸೆರಾಮಿಕ್ ಗುಂಡು: ಒಡೆಯುವ ಭಯವಿದೆಯೇ?

ಪ್ರಶ್ನೆ (ಕುಮಟಾದಿಂದ)

ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿಬಿದ್ದ ನಮ್ಮ ಆಯಿಗೆ ಸೊಂಟದ ಕೀಲು ಬದಲಿಸಬೇಕಾಗಿದೆ. ತೊಡೆಯೆಲುಬಿನೊಳಗೆ ಕೂರಿಸುವ ಟೈಟಾನಿಯಂ ದಂಡಕ್ಕೆ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಲೇಪನವಿರುತ್ತದೆ, ಅದರ ತುದಿಯ ಗುಂಡು ಸೆರಾಮಿಕ್‌ನದು ಎಂದು ವೈದ್ಯರು ಹೇಳಿದರು. ಲೇಪನವೂ ಸೆರಾಮಿಕ್ಕೇ ಅಂತೆ. ಹಾಗಿದ್ದರೆ ಒಂದು ಎಲುಬಿಗೆ ಬೆಸೆದುಕೊಳ್ಳುವುದು, ಇನ್ನೊಂದು ನುಣ್ಣಗೆ ತಿರುಗುತ್ತಲೇ ಇರುವುದು ಹೇಗೆ? ಕೈಜಾರಿದ ಪಿಂಗಾಣಿ ಬಟ್ಟಲಿನಂತೆ ಗುಂಡು ಒಡೆದರೆ ಏನು ಗತಿ ಎಂದು ಆಯಿ ದಿನವೂ ಕೇಳುತ್ತಾಳೆ.

ಉತ್ತರ 1 (ಶಿರಸಿಯಿಂದ)

ನಾನು ಪದಾರ್ಥ ವಿಜ್ಞಾನ ಕಲಿಸುವವನು. ನಿಮ್ಮ ಆಯಿಯ ಭಯ ಬುಡವಿಲ್ಲದ್ದಲ್ಲ. ಸೆರಾಮಿಕ್ ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಕಣ್ಣಿಗೆ ಕಾಣದ ಒಂದು ರಂಧ್ರದಿಂದಲೂ ಬಿರುಕು ಹೊರಡಬಹುದು. ಆದರೆ 1970ರಲ್ಲಿ ಫ್ರಾನ್ಸಿನ ಶಸ್ತ್ರಚಿಕಿತ್ಸಕ ಪಿಯರ್ ಬೂತ್ಯಾಂ ಬಳಸಿದ ಶುದ್ಧ ಅಲ್ಯುಮಿನಾಕ್ಕೂ (ಅಲ್ಯುಮಿನಿಯಂ ಆಕ್ಸೈಡ್) ಇಂದಿನ ಗುಂಡುಗಳಿಗೂ ಬಹಳ ಅಂತರವಿದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಗುಂಡಿನಲ್ಲಿ ಅಲ್ಯುಮಿನಾದ ನಡುವೆ ಜಿರ್ಕೋನಿಯಾದ (ಜಿರ್ಕೋನಿಯಂ ಆಕ್ಸೈಡ್) ಸೂಕ್ಷ್ಮ ಕಣಗಳಿರುತ್ತವೆ. ಬಿರುಕಿನ ತುದಿ ಹತ್ತಿರ ಬಂದೊಡನೆ ಆ ಕಣಗಳ ಹರಳಿನ ರಚನೆಯೇ ಬದಲಾಗಿ, ಗಾತ್ರ ಸುಮಾರು 4 ಶೇಕಡಾ ಹಿಗ್ಗಿ, ಬಿರುಕನ್ನು ಎರಡೂ ಕಡೆಯಿಂದ ಹಿಸುಕಿ ನಿಲ್ಲಿಸುತ್ತವೆ. ಹೀಗಾಗಿ ಇಂದು ಗುಂಡು ಒಡೆಯುವುದು ಬಲು ಅಪರೂಪ. ದಂಡದ ತುದಿಗೆ ಗುಂಡನ್ನು ಕೂರಿಸುವಾಗ ನಡುವೆ ರಕ್ತವಾಗಲಿ ಎಲುಬಿನ ಚೂರಾಗಲಿ ಉಳಿಯಬಾರದು. ಶಸ್ತ್ರಚಿಕಿತ್ಸಕರು ಅದನ್ನು ಒರೆಸಿಯೇ ಕೂರಿಸುತ್ತಾರೆ.

ಅಲ್ಯುಮಿನಾ ಆಗಲೇ ಪೂರ್ತಿ ಆಕ್ಸೈಡ್ ಆಗಿರುವುದರಿಂದ ದೇಹದ ದ್ರವದಲ್ಲಿ ತುಕ್ಕು ಹಿಡಿಯುವ ಮಾತಿಲ್ಲ. ಲೋಹಕ್ಕಿಂತ ನುಣ್ಣಗೆ ಹೊಳಪು ಕೊಡಬಹುದು, ಮೈಮೇಲೆ ತೇವದ ಪದರ ನಿಲ್ಲುತ್ತದೆ, ಆದ್ದರಿಂದ ಗುಂಡು ಕೂತು ತಿರುಗುವ ಎದುರಿನ ಬಟ್ಟಲು ಕಡಿಮೆ ಸವೆಯುತ್ತದೆ. ಆ ಬಟ್ಟಲಿನ ಒಳಪದರ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನದೋ ಸೆರಾಮಿಕ್‌ನದೋ ಎಂದು ವೈದ್ಯರನ್ನು ಕೇಳಿಕೊಳ್ಳಿ. ಸೆರಾಮಿಕ್ಕಿಗೆ ಸೆರಾಮಿಕ್ ಉಜ್ಜುವ ಕೀಲುಗಳಲ್ಲಿ ಕೆಲವರಿಗೆ ಕಿರುಗುಟ್ಟುವ ಸದ್ದು ಬರುವುದುಂಟು.

ಉತ್ತರ 2 (ಕಾರವಾರದಿಂದ)

ಲೇಪನದ ವಿಷಯ ನಾನು ಸೇರಿಸುತ್ತೇನೆ. ಅಘನಾಶಿನಿಯ ಬಳಚಿನ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ಕಂಡವರು, ಎಲುಬೂ ಅದೇ ಸುಣ್ಣ ಎಂದುಕೊಳ್ಳುತ್ತಾರೆ. ಚಿಪ್ಪಿನದು ಕ್ಯಾಲ್ಸಿಯಂ ಕಾರ್ಬೊನೇಟ್. ಎಲುಬಿನದು ಹೈಡ್ರಾಕ್ಸಿಅಪಟೈಟನ್ನು ಹೋಲುವ ಕ್ಯಾಲ್ಸಿಯಂ ಫಾಸ್ಫೇಟ್. ಆದ್ದರಿಂದಲೇ ಎಲುಬಿನ ಕೋಶಗಳು ಲೇಪನವನ್ನು ಪರಕೀಯವೆಂದು ದೂರವಿಡದೆ ಅದರ ಮೇಲೆಯೇ ಹೊಸ ಎಲುಬನ್ನು ಕಟ್ಟುತ್ತವೆ. ಅದು ತಾನಾಗಿ ಭಾರ ಹೊರುವಷ್ಟು ಗಟ್ಟಿಯಲ್ಲ. ಹಾಗಾಗಿ ಟೈಟಾನಿಯಂ ಮೇಲಿನ ತೆಳುಪದರವಾಗಿ ಬಳಕೆ. ಅದರ ಹತ್ತಿರದ ಟ್ರೈಕ್ಯಾಲ್ಸಿಯಂ ಫಾಸ್ಫೇಟನ್ನು ಎಲುಬಿನ ಪೊಳ್ಳು ತುಂಬಲು ಬಳಸಿದರೆ, ಅದು ನಿಧಾನವಾಗಿ ಕರಗಿ, ಆ ಜಾಗಕ್ಕೆ ಎಲುಬೇ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಿರುಕನ್ನು ಹಿಸುಕಿ ನಿಲ್ಲಿಸುವ ಕಣಗಳ ವಿಷಯ ಓದಿ ಹೇಳಿದಾಗ ಆಯಿ ಎರಡು ಸಲ ಹೇಳಿಸಿಕೊಂಡಳು. ಬಟ್ಟಲಿನ ಒಳಪದರ ಯಾವುದೆಂದು ನಾಳೆಯೇ ವೈದ್ಯರನ್ನು ಕೇಳುತ್ತೇನೆ.