ಈ ವಾರದ ಸಮಸ್ಯೆ: ಕುದುರೆ ಬಾಲ, ಕಣ್ಣೀರು

ಕೊಪ್ಪಳದಿಂದ (ಸಮಸ್ಯೆ ಕೊಟ್ಟವರು):
ಮೊನ್ನೆ ಆನೆಗೊಂದಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಪಿಟೀಲು, ಕವಿತೆಗಳ ಸಂಜೆ. ಮೈಕ್ ಇರಲಿಲ್ಲ. ಮರದ ಕಂಬಗಳಿಗೆ ಒರಗಿ ಕುಳಿತ ಇಪ್ಪತ್ತು ಮಂದಿ, ಅಷ್ಟೇ. ಒಂದು ಕವಿತೆಯಾದ ಮೇಲೆ ಒಂದು ರಾಗ. ಶುಭಪಂತುವರಾಳಿ ರಾಗದ ಆಲಾಪನೆ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಪುಟ್ಟ ಹುಡುಗಿಯೊಬ್ಬಳು ಪಿಟೀಲಿನ ಕಮಾನನ್ನು, ಅಂದರೆ ಬಿಲ್ಲನ್ನು, ತೋರಿಸಿ, “ಇದು ಯಾರ ಕೂದಲು?” ಎಂದು ಕೇಳಿದಳು. ಸಿಕ್ಕ ಉತ್ತರವನ್ನು ನಾನು ಹೇಳುವುದಿಲ್ಲ. ಆರು ಸಾಲಿನ ಭಾಮಿನಿ ಷಟ್ಪದಿಯ ಮೊದಲ ಐದು ಸಾಲು ನೀವು ತುಂಬಿ, ಕೊನೆಯ ಸಾಲು ಇದು, ಆದಿಪ್ರಾಸ ದಕಾರ (ಪ್ರತಿ ಸಾಲಿನ ಎರಡನೆಯ ಅಕ್ಷರ ದಕಾರ):

ಕುದುರೆ ಬಾಲವು ಮುಟ್ಟಲೆಲ್ಲರ ಕಣ್ಣು ಹನಿಯಿತಲಾ

ಬಳ್ಳಾರಿಯಿಂದ:
ಉತ್ತರಾರ್ಧ ಮಾತ್ರ ಸಿದ್ಧವಾಗಿದೆ, ಕ್ಷಮಿಸಿ.

ಬದಿಗೆ ಸರಿಯದೆ ಟಾಂಗದೊಳಗಡೆ
ಮುದದಿ ಮೂವರು ಮುಂದೆ ಕುಳಿತಿರೆ
ಕುದುರೆ ಬಾಲವು ಮುಟ್ಟಲೆಲ್ಲರ ಕಣ್ಣು ಹನಿಯಿತಲಾ

ಕೊಪ್ಪಳದಿಂದ:
ನಕ್ಕೆವು ಸ್ವಾಮಿ. ಆದರೆ ಪಿಟೀಲು ಎಲ್ಲಿ?

ರಾಯಚೂರಿನಿಂದ:
ಕದವ ತೆರೆದಿಹ ಹಳೆಯ ಮನೆಯೊಳು
ನದಿಯ ಗಾಳಿಗೆ ದೀಪ ನಡುಗಲು
ಎದೆಗೆ ಪಿಟೀಲನೊತ್ತಿ ಬಿಲ್ಲನು ಮೆಲ್ಲನೆಳೆದಿರಲು
ಪದವ ಹಾಡದ ತಂತಿ ನಾಲ್ಕೂ
ಹುದುಗಿದಳಲನು ಹೇಳಿಬಿಟ್ಟವು
ಕುದುರೆ ಬಾಲವು ಮುಟ್ಟಲೆಲ್ಲರ ಕಣ್ಣು ಹನಿಯಿತಲಾ

ಕೊಪ್ಪಳದಿಂದ:
ಕೀಲು ಸಿಕ್ಕಿತು! ಕಮಾನಿಗೆ ಬಿಗಿಯುವುದು ಕುದುರೆಯ ಬಾಲದ ಕೂದಲನ್ನೇ. ಎರಡನೆಯ ಸಾಲಿನಲ್ಲಿ ತುಂಗಭದ್ರೆಯೇ ಒಳಗೆ ಬಂದಂತಿದೆ. ಮೂರನೆಯದರಲ್ಲಿ ಮಾತ್ರ ನಾಲಗೆ ಎಡವುತ್ತದೆ. ‘ಪಿಟೀಲ’ ಎಂಬಲ್ಲಿ ಮಾತ್ರೆ (ಉಚ್ಚಾರದ ಅಳತೆ) ನಾಲ್ಕು, ಲೆಕ್ಕ ಸರಿ. ಆದರೆ ಲಘು, ಗುರು, ಲಘು, ಅಂದರೆ ಗಿಡ್ಡ, ಉದ್ದ, ಗಿಡ್ಡ. ಜಗಣವೆಂಬ ಈ ಅಕ್ಷರಗುಂಪನ್ನು ಷಟ್ಪದಿ ಒಲ್ಲದು.

ರಾಯಚೂರಿನಿಂದ:
ಒಪ್ಪಿದೆ. ‘ಎದೆಗೆ ವಾದ್ಯವನೊತ್ತಿ’ ಎಂದು ತಿದ್ದಿಕೊಳ್ಳುತ್ತೇನೆ. ಪಿಟೀಲಿನ ಸಂಜೆಯ ಪದ್ಯದಿಂದ ಪಿಟೀಲನ್ನೇ ಹೊರಗೆ ಕಳುಹಿಸಬೇಕಾಯಿತು ಎಂಬುದೊಂದೇ ಸಂಕಟ.

ಸಿಂಧನೂರಿನಿಂದ:
ನನ್ನದೊಂದು ತಕರಾರು. ಕೀರ್ತನೆ ನುಡಿಸುವಾಗ ಕಮಾನು ಸಾಹಿತ್ಯದ, ಅಂದರೆ ಹಾಡಿನ ಮಾತುಗಳ, ಅಕ್ಷರಗಳನ್ನೇ ಅನುಸರಿಸಿ ಓಡುತ್ತದೆ. ‘ಪದವ ಹಾಡದ ತಂತಿ’ ಎನ್ನುವುದು ನ್ಯಾಯವೇ?

ರಾಯಚೂರಿನಿಂದ:
ಅಕ್ಕಾ, ಸಭೆ ಅತ್ತಿದ್ದು ಆಲಾಪನೆಗೆ. ಅಲ್ಲಿ ಸಾಹಿತ್ಯ ಎಲ್ಲಿಂದ ಬರಬೇಕು?

ಸಿಂಧನೂರಿನಿಂದ:
ಸೋತೆ.

ಕೊಪ್ಪಳದಿಂದ:
ರಾಳ ಹಚ್ಚದಿದ್ದರೆ ಬಾಲದ ಕೂದಲು ತಂತಿಯ ಮೇಲೆ ಜಾರುತ್ತದೆಯೇ ಹೊರತು ನುಡಿಯುವುದಿಲ್ಲ. ಆ ರಾಳಕ್ಕೂ ಒಂದು ಗಣ ಸಿಕ್ಕಿದ್ದರೆ ಎಂಬ ಆಸೆ ನನಗಿತ್ತು. ಇರಲಿ, ಈ ವಾರದ ಪೂರಣ ರಾಯಚೂರಿನದು. ಬಳ್ಳಾರಿಯವರೇ, ನಿಮ್ಮ ಪೂರ್ವಾರ್ಧ?

ಬಳ್ಳಾರಿಯಿಂದ:
ಟಾಂಗಾ ಇನ್ನೂ ರೈಲು ನಿಲ್ದಾಣದ ಮುಂದೆಯೇ ನಿಂತಿದೆ. ಕುದುರೆ ಹುಲ್ಲು ಮೇಯುತ್ತಿದೆ.