ಪೋಲೋ 1.0 ಟಿಎಸ್‌ಐಗೆ ಒಂದೂವರೆ ಲಕ್ಷದ ಎಕ್ಸಾಸ್ಟ್: ದುಡ್ಡಿಗೆ ತಕ್ಕ ಮಾಲಾ?

ಘಾಟಿ_ತಿರುವು:
ಗಾಡಿ 2021ರ ಪೋಲೋ 1.0 ಟಿಎಸ್‌ಐ, ಆರು ಗೇರಿನ ಮ್ಯಾನುಯಲ್. ಇಂಜಿನ್ ಪೂರ್ತಿ ಸ್ಟಾಕ್, ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸೋದು) ಆಗಿಲ್ಲ. ಮೂರು ಕೊಟೇಶನ್ ಬಂದಿವೆ. ಮೊದಲನೆಯದು ಇಂಪೋರ್ಟೆಡ್ ಕ್ಯಾಟ್-ಬ್ಯಾಕ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ಅಂದ್ರೆ ಕ್ಯಾಟ್, ಅದರ ಹಿಂದಿನ ಪೂರ್ತಿ ಪೈಪ್ ಸೆಟ್), 1.5 ಲಕ್ಷ, "15 ಎಚ್‌ಪಿ ಗ್ಯಾರಂಟಿ" ಅಂತಾರೆ. ಎರಡನೆಯದು ಇಲ್ಲೇ ಬೆಂಗಳೂರಲ್ಲಿ ಎರಡೂವರೆ ಇಂಚಿನ ಪೈಪಲ್ಲಿ ಕೈಯಾರೆ ಮಾಡಿಕೊಡೋದು, 38 ಸಾವಿರ. ಜೊತೆಗೆ 22 ಸಾವಿರಕ್ಕೆ ಹೆಡರ್ (ಸಿಲಿಂಡರ್‌ಗಳ ಹೊಗೆಯನ್ನ ಒಟ್ಟುಗೂಡಿಸೋ ಪೈಪುಗಳು) ಕೂಡ ಹಾಕಿಸಿಕೊಳ್ಳಿ ಅಂತ ಒತ್ತಾಯ. ಮೂರನೆಯದು ಹಿಂದಿನ ಮಫ್ಲರ್ (ಸದ್ದು ಅಡಗಿಸೋ ಡಬ್ಬಿ) ಮಾತ್ರ ಬದಲಿಸೋದು, 14 ಸಾವಿರ.

ಪವರ್ ನಿಜವಾಗ್ಲೂ ಎಷ್ಟು ಬರುತ್ತೆ? ಹೈವೇಲಿ ಒಳಗೆ ಗುಂಯ್‌ಗುಡೋ ಕಾಟ ಇರುತ್ತಾ? ಗಾಡಿ ತಿಂಗಳಿಗೆರಡು ಸಲ ಮಂಗಳೂರಿಗೆ ಹೋಗುತ್ತೆ, ಹಾಗಾಗಿ ತುಕ್ಕಿನ ವಿಚಾರಾನೂ ಬೇಕು.

ಸ್ಪ್ಯಾನರ್_13:
ಮೊದಲು ಆ ಹೆಡರ್ ಮಾರೋರಿಗೆ ಒಂದು ಪ್ರಶ್ನೆ ಕೇಳಿ: ಅದನ್ನ ಎಲ್ಲಿ ಕೂರಿಸ್ತೀರಿ? ಈ ಇಎ211 ಇಂಜಿನ್‌ನಲ್ಲಿ ಹೆಡರ್‌ನ ಕೆಲಸ ಮಾಡೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನೊಳಗೇ ಎರಕವಾಗಿದೆ. ಹೆಡ್‌ನಿಂದ ಹೊರಬಂದ ಗ್ಯಾಸ್ ನೇರ ಟರ್ಬೋಗೆ, ಅಲ್ಲಿಂದ ತಕ್ಷಣ ಕ್ಯಾಟ್‌ಗೆ. ಬಿಚ್ಚಿ ಬದಲಿಸೋಕೆ ಹೆಡರ್ ಅನ್ನೋ ಭಾಗವೇ ಇಲ್ಲ. ಇಲ್ಲದ ಭಾಗಕ್ಕೆ 22 ಸಾವಿರ ಹೇಳಿದವರ ಹತ್ರ ಉಳಿದ ಕೆಲಸವನ್ನೂ ಕೊಡಬೇಡಿ.

ಇನ್ನು 15 ಎಚ್‌ಪಿ. ಟರ್ಬೋ ಗಾಡೀಲಿ ಗ್ಯಾಸ್‌ಗೆ ದೊಡ್ಡ ಅಡ್ಡಿ ಟರ್ಬೈನ್ (ಹೊಗೆಯಿಂದ ತಿರುಗೋ ಟರ್ಬೋ ಚಕ್ರ) ಮತ್ತು ಕ್ಯಾಟ್. ಅದಾದ ಮೇಲಿನ ಪೈಪು, ಮಫ್ಲರ್‌ಗಳ ಪಾಲು ಚಿಕ್ಕದು. ಜೊತೆಗೆ ಈ ಇಸಿಯು (ಇಂಜಿನ್ ಕಂಪ್ಯೂಟರ್) ಟಾರ್ಕ್, ಅಂದ್ರೆ ತಿರುಗಿಸೋ ಬಲದ ಲೆಕ್ಕದ ಮೇಲೆ ನಡೆಯುತ್ತೆ. ಅದಕ್ಕೆ 175 ನ್ಯೂಟನ್ ಮೀಟರ್ ಕೊಡು ಅಂತ ಹೇಳಿಟ್ಟಿದ್ದಾರೆ. ಹಿಂದೆ ಗಾಳಿ ಸಲೀಸಾಗಿ ಹೋದ್ರೆ ವೇಸ್ಟ್‌ಗೇಟ್ (ಟರ್ಬೈನ್ ತಪ್ಪಿಸಿ ಗ್ಯಾಸ್ ಬಿಡೋ ಕವಾಟ) ಇನ್ನಷ್ಟು ತೆರೆದು ಅದೇ ಗುರಿಗೆ ವಾಪಸ್ ಬರುತ್ತೆ. ಬರೀ ಕ್ಯಾಟ್-ಬ್ಯಾಕ್ ಹಾಕಿ, ಮ್ಯಾಪ್ ಮುಟ್ಟದೇ ಇದ್ರೆ ನಿಮಗೆ ಸಿಗೋದು ಸದ್ದು ಮಾತ್ರ.

ನಂಬಿಕೆ ಬರಲಿಲ್ಲ ಅಂದ್ರೆ ದುಡ್ಡು ಕೊಡೋ ಮೊದಲು ಅಳೆದು ನೋಡಿ. ಕ್ಯಾಟ್ ನಂತರದ ಆಕ್ಸಿಜನ್ ಸೆನ್ಸರನ್ನ ತಣ್ಣಗಿರೋ ಇಂಜಿನ್‌ನಲ್ಲಿ ಬಿಚ್ಚಿ, ಆ ತೂತಿಗೆ ಎಂ18×1.5 ಥ್ರೆಡ್‌ನ ಅಡಾಪ್ಟರ್ ಹಾಕಿ. ಅದಕ್ಕೆ ಒಂದು ಮೀಟರ್ ತಾಮ್ರದ ಕೊಳವೆ, ಆಮೇಲೆ ರಬ್ಬರ್ ಹೋಸ್, ತುದೀಲಿ 0-5 ಪಿಎಸ್‌ಐ ಗೇಜ್. ತಾಮ್ರ ಬಿಟ್ಟು ನೇರ ರಬ್ಬರ್ ಸಿಕ್ಕಿಸಿದ್ರೆ ಎರಡು ನಿಮಿಷಕ್ಕೆ ಕರಗುತ್ತೆ. ಬಿಚ್ಚಿದ ಸೆನ್ಸರ್ ವೈರು ಬಿಸಿ ಭಾಗಕ್ಕೆ ತಾಗದ ಹಾಗೆ ಕಟ್ಟಿ. ಖಾಲಿ ರಸ್ತೇಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, 5,500 ಆರ್‌ಪಿಎಂ ಹತ್ರ ಪಕ್ಕದ ಸೀಟಿನವರು ಗೇಜ್ ಓದಲಿ. ಒಂದೂವರೆ ಪಿಎಸ್‌ಐ ಒಳಗಿದ್ರೆ ಕ್ಯಾಟ್-ಬ್ಯಾಕ್‌ನಿಂದ ಪವರ್ ಕನಸು ಬಿಟ್ಟುಬಿಡಿ. ಮೂರು ದಾಟಿದ್ರೆ ಮಾತಾಡೋಣ. ಕೆಲವು ಕ್ಯಾಟ್‌ಗಳಲ್ಲಿ ಈ ಸೆನ್ಸರ್ ಎರಡು ಇಟ್ಟಿಗೆಗಳ (ಕ್ಯಾಟ್ ಒಳಗಿನ ಜೇನುಗೂಡಿನಂಥ ತುಂಡುಗಳ) ನಡುವೆ ಇರುತ್ತೆ, ಹಾಗಿದ್ರೆ ರೀಡಿಂಗ್ ಸ್ವಲ್ಪ ಜಾಸ್ತಿ ಬರುತ್ತೆ ಅನ್ನೋದು ನೆನಪಿರಲಿ. ಚೆಕ್ ಇಂಜಿನ್ ಲೈಟ್ ಖಂಡಿತ ಹತ್ತುತ್ತೆ. ಸೆನ್ಸರ್ ವಾಪಸ್ ಹಾಕಿ ಸ್ಕ್ಯಾನರ್‌ನಲ್ಲಿ ಅಳಿಸಿದ್ರಾಯ್ತು.

ಡೈನೋ (ಗಾಡಿಯ ಪವರ್ ಅಳೆಯೋ ಯಂತ್ರ) ಚೀಟಿ ತೋರಿಸಿದ್ರೆ, ಮೊದಲಿನ ಮತ್ತು ಆಮೇಲಿನ ರನ್ ಒಂದೇ ದಿನದ್ದಾ, ಒಂದೇ ಗೇರ್‌ನದ್ದಾ, ಎರಡಕ್ಕೂ ಮೂರು ಮೂರು ರನ್ ಇದೆಯಾ ನೋಡಿ. 110 ಪಿಎಸ್ ಗಾಡೀಲಿ ಎರಡು-ಮೂರು ಎಚ್‌ಪಿ ವ್ಯತ್ಯಾಸ ಇಂಟರ್‌ಕೂಲರ್ (ಟರ್ಬೋ ಗಾಳಿಯನ್ನ ತಣಿಸೋ ಭಾಗ) ಬಿಸಿಯಾದ್ರೂ ಬರುತ್ತೆ.

ಬೇಸ್_ನೋಟ್:
ಪವರ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದ್ರೆ ಸದ್ದಿಗೋಸ್ಕರವೇ ಹಾಕಿಸೋದೂ ತಪ್ಪಲ್ಲ, ಅದನ್ನ ಪವರ್ ಅಂತ ಹೆಸರಿಟ್ಟು ಮಾರಬಾರದು ಅಷ್ಟೆ.

ಗುಂಯ್‌ಗುಡೋದರ ಲೆಕ್ಕ ಹೀಗಿದೆ. ಮೂರು ಸಿಲಿಂಡರ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತಿಗೆ ಒಂದೂವರೆ ಸಲ ಫೈರ್ ಆಗುತ್ತೆ. 2,400 ಆರ್‌ಪಿಎಂನಲ್ಲಿ ಅದು 60 ಹರ್ಟ್ಸ್. ನಾಲ್ಕು ಸಿಲಿಂಡರ್ ಆಗಿದ್ರೆ ಅದೇ ಆರ್‌ಪಿಎಂಗೆ 80. ಇನ್ನೊಂದು ಕಡೆ, ಹ್ಯಾಚ್‌ಬ್ಯಾಕ್ ಕ್ಯಾಬಿನ್‌ನ ಒಳಗಿನ ಉದ್ದ ಎರಡೂವರೆ ಮೀಟರ್ ಅಂತಿಟ್ಟುಕೊಂಡ್ರೆ ಅದು ತಾನಾಗೇ ಅನುರಣಿಸೋದು 69 ಹರ್ಟ್ಸ್ ಆಸುಪಾಸಲ್ಲಿ. ಮೂರು ಸಿಲಿಂಡರ್ ಆ 69ನ್ನ ಮುಟ್ಟೋದು 2,750 ಆರ್‌ಪಿಎಂ ಹತ್ರ. ಕ್ಯಾಬಿನ್ ಡೋಲು, ಎಕ್ಸಾಸ್ಟ್ ಕೋಲು. ಹೈವೇಲಿ ಓವರ್‌ಟೇಕ್‌ಗೆ ಅಂತ ಗೇರ್ ಇಳಿಸಿ ನಿಲ್ಲೋ ಜಾಗ ಸರಿಯಾಗಿ ಅದೇ. ಮಂಗಳೂರಿನ ತನಕ ಏಳೆಂಟು ಗಂಟೆ ಅದನ್ನ ಕೇಳಿ ತಲೆನೋವು ಬಂದೋರೇ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಎಕ್ಸಾಸ್ಟ್ ಮಾರ್ತಿರೋದು.

ಕಂಪನಿ ಎಂಜಿನಿಯರ್‌ಗಳು ನಡುವೆ ಒಂದು ರೆಸೋನೇಟರ್ (ಸದ್ದು ತಗ್ಗಿಸೋ ಚಿಕ್ಕ ಡಬ್ಬಿ), ಹಿಂದೆ ಕೋಣೆಗಳಿರೋ ದೊಡ್ಡ ಮಫ್ಲರ್ ಇಟ್ಟಿರೋದು ಇಂಥ ತಗ್ಗು ಆವರ್ತನಗಳನ್ನ ನುಂಗೋಕೆ. ಸ್ಟ್ರೈಟ್-ಥ್ರೂ ಮಫ್ಲರ್, ಅಂದ್ರೆ ತೂತುಗಳ ಕೊಳವೆ ಸುತ್ತ ಗಾಜಿನ ಉಣ್ಣೆ ತುಂಬಿದ್ದು, ಚುರುಕು ಸದ್ದನ್ನ ಚೆನ್ನಾಗಿ ಹೀರುತ್ತೆ. 60-70 ಹರ್ಟ್ಸ್ ಅದರ ಕೈಗೆ ಸಿಗಲ್ಲ. ಅದಕ್ಕೆ ಮದ್ದು ಎಕ್ಸಾಸ್ಟ್ ಪಕ್ಕಕ್ಕೆ ಜೋಡಿಸೋ, ಒಂದು ತುದಿ ಮುಚ್ಚಿದ ಜೆ-ಪೈಪ್. ಉದ್ದ = ಶಬ್ದದ ವೇಗ ಭಾಗಿಸು ನಾಲ್ಕು ಪಟ್ಟು ಆವರ್ತನ. ಹರಿವಿಲ್ಲದ ಕೊಳವೆಯೊಳಗೆ ಗ್ಯಾಸ್ ಸುಮಾರು 150 ಡಿಗ್ರಿ ಅಂದುಕೊಂಡ್ರೆ ವೇಗ ಸೆಕೆಂಡಿಗೆ 412 ಮೀಟರ್. 412 ÷ (4×69), ಹತ್ರಹತ್ರ ಒಂದೂವರೆ ಮೀಟರ್! ಪೋಲೋ ಹೊಟ್ಟೆಯಡಿ ಅಷ್ಟುದ್ದದ ಮೊಂಡು ಪೈಪನ್ನ ಎಲ್ಲಿ ಮಡಚಿಡ್ತೀರಿ? ದುಬಾರಿ ಸಿಸ್ಟಮ್‌ಗೂ 38 ಸಾವಿರದ ಕೆಲಸಕ್ಕೂ ಇರೋ ನಿಜವಾದ ವ್ಯತ್ಯಾಸ ಇಲ್ಲೇ: ಅವರು ಇದೇ ಗಾಡಿ ಮೇಲೆ ಕೂತು ಮಫ್ಲರ್‌ನ ಗಾತ್ರ, ರೆಸೋನೇಟರ್ ಜಾಗ ಹೊಂದಿಸಿದ್ರೆ ಆ ದುಡ್ಡಿಗೆ ಅರ್ಥ ಇದೆ. ಬೇರೆ ಇಂಜಿನ್‌ನ ಪೋಲೋಗೆ ಮಾಡಿದ್ದನ್ನ ತಂದು ಬಿಗಿದ್ರೆ ಇಲ್ಲ.

ಎರಡೂವರೆ ಇಂಚು ಕೇಳಲೇಬೇಡಿ. 110 ಪಿಎಸ್‌ಗೆ ಎರಡು ಇಂಚು ಸಾಕು. ಪೈಪ್ ಅಗಲವಾದಷ್ಟೂ ಗುಂಯ್‌ಗುಡೋದು ಜಾಸ್ತಿ, ಹಂಪ್ ಮೇಲೆ ತಳ ತಾಗೋದೂ ಜಾಸ್ತಿ.

ಆರ್ಗಾನ್_ಬಾಟಲಿ:
ತುಕ್ಕಿನ ಪ್ರಶ್ನೆಗೆ. ಕರಾವಳಿಗೆ ಹೋಗೋ ಗಾಡಿ ಅಂದ್ರೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ತಗೊಳ್ಳಿ. 409 ಅನ್ನೋ ಇನ್ನೊಂದು ಗ್ರೇಡ್‌ನಲ್ಲಿ ಕ್ರೋಮಿಯಂ 11 ಪರ್ಸೆಂಟ್ ಅಷ್ಟೆ, ಮೇಲ್ಮೈ ಕಂದಾಗುತ್ತೆ, ತೂತಾಗೋಕೆ ವರ್ಷಗಳು ಬೇಕು. ಕಂಪನಿಗಳು ಹೆಚ್ಚಾಗಿ ಬಳಸೋದು ಅದನ್ನೇ, ಕೆಟ್ಟದ್ದೇನಲ್ಲ. 304ರಲ್ಲಿ ಕ್ರೋಮಿಯಂ 18, ನಿಕಲ್ 8. 304 ಅಂತ ಹೇಳಿ 409 ಕೊಡೋದು ಮಾಮೂಲು, ಹಾಗಾಗಿ ಜೇಬಲ್ಲಿ ಅಯಸ್ಕಾಂತ ಇರಲಿ. ನೇರ ಭಾಗಕ್ಕೆ ಗಟ್ಟಿಯಾಗಿ ಹಿಡಿದ್ರೆ ಅದು 304 ಅಲ್ಲ. ಬಗ್ಗಿಸಿದ ಜಾಗದಲ್ಲಿ ನಿಜವಾದ 304 ಕೂಡ ಸ್ವಲ್ಪ ಎಳೆಯುತ್ತೆ, ಅಲ್ಲಿ ಪರೀಕ್ಷೆ ಮಾಡಬೇಡಿ. ಆದ್ರೆ ಅಯಸ್ಕಾಂತ 202ನ್ನೂ ಹಿಡಿಯಲ್ಲ, ಅದು ಅಗ್ಗದ ಮಾಲು, ಉಪ್ಪು ಗಾಳಿಗೆ ಬೇಗ ಸೋಲುತ್ತೆ. ಪೈಪ್ ಮೇಲಿನ ಗ್ರೇಡ್ ಮುದ್ರೆ ಕಣ್ಣಾರೆ ನೋಡಿ.

ಎರಡು ಇಂಚು, ಒಂದೂವರೆ ಎಂಎಂ ದಪ್ಪದ 304 ಪೈಪ್ ಮೀಟರಿಗೆ 1.8 ಕೆಜಿ ಚಿಲ್ಲರೆ ತೂಗುತ್ತೆ. ಮೂರು ಮೀಟರ್ ಅಂದ್ರೆ ಐದೂವರೆ ಕೆಜಿ. ತೂಕ ತೀರಾ ಕಮ್ಮಿ ಬಂದ್ರೆ ದಪ್ಪದಲ್ಲಿ ಮೋಸ ಮಾಡಿದ್ದಾರೆ ಅಂತ ಅರ್ಥ.

ಕೊಡೋ ದುಡ್ಡು ವೆಲ್ಡಿಂಗ್‌ಗೆ. 304ನ್ನ ಟಿಗ್ (ಆರ್ಗಾನ್ ಗ್ಯಾಸ್‌ನ ರಕ್ಷಣೆಯಲ್ಲಿ ಮಾಡೋ ವೆಲ್ಡಿಂಗ್) ಮಾಡುವಾಗ ಪೈಪ್ ಒಳಗೂ ಆರ್ಗಾನ್ ಬಿಡಬೇಕು. ಬಿಡದಿದ್ರೆ ಒಳಮೈಯಲ್ಲಿ ಬೆಸುಗೆಯ ಬುಡ ಉರಿದು ಬೂದು ಬಣ್ಣದ ಸಕ್ಕರೆ ಹರಳಿನಂಥ ಒರಟು ಕಟ್ಟುತ್ತೆ. ಹೊರಗೆ ಕಾಮನಬಿಲ್ಲಿನ ಬಣ್ಣದ ಚಂದದ ಸಾಲು, ಒಳಗೆ ಕೊಳೆತ ಹಲ್ಲು. ಬಿರುಕು ಶುರುವಾಗೋದು ಅಲ್ಲಿಂದಲೇ. ಫಿಟ್ ಮಾಡೋ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ಬೆಂಡ್‌ಗಳು ಮ್ಯಾಂಡ್ರೆಲ್‌ನದ್ದಿರಬೇಕು (ಪೈಪ್ ಒಳಗೆ ಆಧಾರ ಇಟ್ಟು ಬಗ್ಗಿಸಿದ್ದು), ಒತ್ತಿ ಬಗ್ಗಿಸಿದ್ದು ಮೂಲೇಲಿ ಚಪ್ಪಟೆಯಾಗಿರುತ್ತೆ.

ಹ್ಯಾಂಗರ್‌ಗೆ (ಪೈಪನ್ನ ಗಾಡಿಯಡಿ ತೂಗುಹಾಕೋ ಕೊಂಡಿಗೆ) ಗಟ್ಟಿ ರಬ್ಬರ್ ಹಾಕ್ತೀವಿ ಅಂದ್ರೆ ಬೇಡ ಅನ್ನಿ. 304 ಬಿಸಿಯಾದ್ರೆ 409ಕ್ಕಿಂತ ಒಂದೂವರೆ ಪಟ್ಟು ಹಿಗ್ಗುತ್ತೆ, ಆ ಹಿಗ್ಗು ಎಲ್ಲಿಗಾದ್ರೂ ಹೋಗಬೇಕಲ್ಲ. ಕಂಪನಿ ರಬ್ಬರ್, ಕಂಪನಿ ಫ್ಲೆಕ್ಸ್ (ಬಾಗೋ ಪೈಪ್ ತುಂಡು) ಉಳಿಸಿಕೊಳ್ಳಿ. ಟಿಪ್ ಮತ್ತು ಬಂಪರ್ ನಡುವೆ 20 ಎಂಎಂ ಬಿಡಿ. ಗಾಡಿ ಮೇಲೇ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿರಲಿ. ಮಫ್ಲರ್‌ನ ಅತಿ ತಗ್ಗಿನ ಜಾಗದಲ್ಲಿ 3 ಎಂಎಂ ತೂತು ಇಲ್ಲದಿದ್ರೆ, ದಿನಾ ಐದು ಕಿಲೋಮೀಟರ್ ಓಡೋ ಗಾಡೀಲಿ ನೀರು ನಿಂತು ಉಣ್ಣೆ ಮುದ್ದೆಯಾಗುತ್ತೆ.

ರೂಲ್_ಪುಸ್ತಕ:
ಯಾರೂ ಹೇಳದ ವಿಷಯ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆಯ ಮಿತಿ ಮೀರಿದ್ರೆ 190(2), 10,000ದವರೆಗೆ. ಬಾಕ್ಸ್ ಮೇಲೆ ಯುರೋಪಿನ ಇ-ಮಾರ್ಕ್ (ಅಲ್ಲಿನ ಒಪ್ಪಿಗೆ ಮುದ್ರೆ) ಇದೆ ಅನ್ನೋದು ಇಲ್ಲಿ ಆರ್‌ಟಿಒ ಒಪ್ಪಿಗೆ ಅಲ್ಲ. ಕ್ಯಾಟ್ ತೆಗೆಸೋ ಮಾತಂತೂ ಬೇಡ. ಪಿ0420 ಕೋಡ್ (ಕ್ಯಾಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ದೋಷ ಸೂಚನೆ) ಬರುತ್ತೆ, ಎಮಿಷನ್ ಟೆಸ್ಟ್‌ನಲ್ಲಿ ಐಡಲ್ ಸಿಒ (ಕಾರ್ಬನ್ ಮೊನಾಕ್ಸೈಡ್) 0.3 ಪರ್ಸೆಂಟ್ ಮಿತಿಯೊಳಗೆ ನಿಲ್ಲೋದು ಕಷ್ಟ.

ಘಾಟಿ_ತಿರುವು:
ಹೆಡರ್, 2.5 ಇಂಚು ಎರಡೂ ಕೈಬಿಟ್ಟೆ. ಗೇಜ್ ಹಾಕಿ ನೋಡ್ತೀನಿ. ಒಂದು ಸಂದೇಹ: ಮಫ್ಲರ್ ಹಾಗೇ ಬಿಟ್ಟು ನಡುವಿನ ರೆಸೋನೇಟರ್ ಮಾತ್ರ ತೆಗೆಸಿ, ಸದ್ದು ಹಿಡಿಸದಿದ್ರೆ ವಾಪಸ್ ಹಾಕಿಸಬಹುದಾ?

ಆರ್ಗಾನ್_ಬಾಟಲಿ:
ಹಾಕಿಸಬಹುದು, ಕತ್ತರಿಸೋ ಜಾಗ ಸರಿಯಿದ್ರೆ. ಕಾನೂನಿನ ಕಣ್ಣಲ್ಲಿ ಇದೂ ಮಾರ್ಪಾಡೇ, ಮೇಲಿನವರು ಹೇಳಿದ್ದು ಇದಕ್ಕೂ ಅನ್ವಯ. ರೆಸೋನೇಟರ್‌ನ ಎರಡೂ ಕಡೆ ಬೆಸುಗೆಯಿಂದ ಕನಿಷ್ಠ 50 ಎಂಎಂ ನೇರ ಪೈಪ್ ಬಿಟ್ಟು ಕತ್ತರಿಸಲಿ. ಬೆಸುಗೆ ಪಕ್ಕದಲ್ಲೇ ಕತ್ತರಿಸಿದ್ರೆ ವಾಪಸ್ ಹಿಡಿಯೋಕೆ ಕ್ಲ್ಯಾಂಪಿಗೆ ಜಾಗ ಇರಲ್ಲ. ಪೈಪ್‌ನ ಹೊರವ್ಯಾಸ ವರ್ನಿಯರ್‌ನಲ್ಲಿ ಅಳೆದು, ತೆಗೆದ ಉದ್ದಕ್ಕೆ ಸರಿಯಾಗಿ ಅದೇ ವ್ಯಾಸದ ನೇರ ತುಂಡು ಇಡಿಸಿ, ಎರಡೂ ಕೂಡಲಿಗೆ ಅಗಲ ಪಟ್ಟಿಯ ಸ್ಲೀವ್ ಕ್ಲ್ಯಾಂಪ್. ಯು-ಕ್ಲ್ಯಾಂಪ್ ಬೇಡ, ಅದು ಪೈಪನ್ನ ಚಿವುಟುತ್ತೆ, ಆಮೇಲೆ ಮೊದಲಿನ ತುಂಡು ಒಳಗೆ ಹೋಗಲ್ಲ. ಕತ್ತರಿಸೋ ಮುಂಚೆ ರೆಸೋನೇಟರ್‌ನಿಂದ ಪೈಪ್‌ವರೆಗೆ ಮಾರ್ಕರ್‌ನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಸಿ. ಅದಿಲ್ಲದಿದ್ರೆ ವಾಪಸ್ ಕೂರಿಸುವಾಗ ಹತ್ತು ಡಿಗ್ರಿ ತಿರುಗಿ, ಹಿಂದಿನ ಮಫ್ಲರ್ ಬಂಪರಿಗೆ ಒರಗಿ ಕೂರುತ್ತೆ.