‘ರಿಲಯಬಿಲಿಟಿ’ಗೆ ಪದ ಬೇಕು, ಸಂಜೆಯೊಳಗೆ (ರಾಕೆಟ್ ಹೋಲಿಕೆಯ ಫ್ಲೆಕ್ಸ್)

ವಿಜಯಪುರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರಾಕೆಟ್‌ಗಳನ್ನು ಹೋಲಿಸುವ ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ನಮ್ಮ ಇಸ್ರೋದ ಪಿಎಸ್‌ಎಲ್‌ವಿ, ಎಲ್‌ವಿಎಂ3, ಯುರೋಪಿನ ಏರಿಯಾನ್ 5. ಎತ್ತರ, ತೂಕದ ಕಾಲಂಗಳಿಗೆ ತೊಂದರೆ ಇಲ್ಲ. ಕೊನೆಯದು ರಿಲಯಬಿಲಿಟಿ. ‘ವಿಶ್ವಾಸಾರ್ಹತೆ’ ಎಂದು ಬರೆದುಕೊಟ್ಟಿದ್ದೆ. ಅಂಗಡಿಯ ಹುಡುಗ ‘ವಿಶ್ವಾಸಾಹರ್ತೆ’ ಎಂದು ಟೈಪ್ ಮಾಡಿಟ್ಟಿದ್ದಾನೆ. ಅರ್ಕಾವತ್ತು ಒಂದು ಅಕ್ಷರ ಮುಂದೆ ಜರುಗಿ, ವಿಶ್ವಾಸ ಕದಿಯುವವಳೇ ಆಗಿಬಿಟ್ಟಿದೆ! ಕಾಲಂ ಬೇರೆ ಎರಡೇ ಇಂಚು. ಚಿಕ್ಕ ಪದ ಹೇಳಿ. ಆರು ಗಂಟೆಗೆ ಪ್ರಿಂಟ್.

ಬಾಗಲಕೋಟೆಯಿಂದ:
ನೆಚ್ಚಿಕೆ. ಅಚ್ಚಗನ್ನಡ. ‘ನೆಚ್ಚಿದ ಎಮ್ಮೆ ಕೋಣ ಈಯಿತು’ ಅನ್ನುತ್ತೇವಲ್ಲ, ಅದೇ ನೆಚ್ಚು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಬೆಳಗಾವಿಯಿಂದ:
ಗಾದೆ ಸರಿಯಾಗೇ ಕೊಟ್ಟಿರಿ ಸರ್. 2025ರ ಮೇ 18ರಂದು ಪಿಎಸ್‌ಎಲ್‌ವಿಯ ಸಿ61 ಎಂಬ ಹಾರಾಟ ಮೂರನೇ ಹಂತದಲ್ಲಿ ಕೈಕೊಟ್ಟಾಗ ಆಗಿದ್ದೂ ಅದೇ. ಆದರೆ ಈಗಿನ ಮಕ್ಕಳಿಗೆ ನೆಚ್ಚಿನ ಅಂದರೆ ನೆಚ್ಚಿನ ನಟ, ಅಷ್ಟೇ. ‘ಖಾತ್ರಿ’ ಹಾಕಿ. ಸಂತೆಯಲ್ಲಿ ಎತ್ತು ಕೊಳ್ಳುವವನೂ ‘ಏನ್ರೀ ಖಾತ್ರಿ?’ ಅಂತಲೇ ಕೇಳುತ್ತಾನೆ.

ಬಾಗಲಕೋಟೆಯಿಂದ:
ಖಾತ್ರಿ ಮರಾಠಿ. ಅವರಿಗೂ ಅದು ಅರಬಿಯ ‘ಖಾತಿರ್’ನಿಂದ ಬಂದದ್ದು. ಎರವಲಿನ ಎರವಲು. ಬೆಳಗಾವಿಯಲ್ಲಿ ಕೂತು ನೀವೇ ಹೀಗೆ ಬರೆದರೆ ಹೇಗೆ?

ಬೆಳಗಾವಿಯಿಂದ:
ಬೆಳಗಾವಿ ಯಾಕೆ ಬಂತು ಇಲ್ಲಿ? ಪಂಚಾಯ್ತಿ ಗೋಡೆಯ ಮೇಲೆ ‘ಉದ್ಯೋಗ ಖಾತ್ರಿ’ ಎಂದು ಬರೆಸಿದ್ದು ಕನ್ನಡದ ಸರಕಾರವೇ. ನೀವು ಕೂತಿರುವ ಕುರ್ಚಿಯೂ ಅರಬಿಯೇ. ಎದ್ದು ನಿಂತು ಉತ್ತರ ಬರೆಯಿರಿ.

ವಿಜಯಪುರದ ಇನ್ನೊಬ್ಬರಿಂದ (ನಿವೃತ್ತ ಗಣಿತ ಮೇಷ್ಟ್ರು):
ಖಾತ್ರಿ ನನಗೂ ಬೇಡ, ಬೇರೆ ಕಾರಣಕ್ಕೆ. ಖಾತ್ರಿ ಅಂದರೆ ಇದೆ ಅಥವಾ ಇಲ್ಲ, ನಡುವೆ ಏನಿಲ್ಲ. ನಮಗೆ ಬೇಕಿರುವುದು ಅಳೆಯುವ ಮಾತು. ಸಿ61ರ ತನಕ ಪಿಎಸ್‌ಎಲ್‌ವಿ 63 ಸಲ ಹಾರಿತು. 1993ರ ಮೊದಲ ಹಾರಾಟ, 2017ರಲ್ಲಿ ಶಾಖ ಕವಚ ಬಿಚ್ಚಿಕೊಳ್ಳದ ಸಿ39, ಈ ಸಿ61, ಮೂರು ಸೋಲು. 1997ರದ್ದು ಅರ್ಧ ಗೆಲುವು. ಇದೆಲ್ಲ ಆಗಿಹೋದದ್ದರ ಲೆಕ್ಕ. ಮುಂದಿನ ಸಲ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ಎಂಟಕ್ಕೆ ಎಂಟು ಗೆದ್ದ ರಾಕೆಟ್ ಇದ್ದರೂ ಸುಮ್ನೆ ನೂರಕ್ಕೆ ನೂರು ಕೊಡಬೇಡಿ. ಮುಂದಿನ ಸಲದ ಗೆಲುವಿನ ಸಾಧ್ಯತೆ ಅಂದಾಜಿಸುವ ಲಾಪ್ಲಾಸ್ ಸೂತ್ರದಂತೆ ಗೆಲುವಿಗೆ ಒಂದು, ಹಾರಾಟಕ್ಕೆ ಎರಡು ಕೂಡಿಸಿ. ಹತ್ತಕ್ಕೆ ಒಂಬತ್ತು ಬರುತ್ತದೆ. ಏರಿಯಾನ್ 5 ನೋಡಿ. 1996ರಲ್ಲಿ ಮೊದಲ ಸಲವೇ ಸುಮಾರು 40 ಸೆಕೆಂಡಿಗೆ ಸಿಡಿಯಿತು. ಅವತ್ತು ಯಾರು ನಂಬುತ್ತಿದ್ದರು? 2023ರವರೆಗೆ 117 ಸಲ ಹಾರಿತು. ಅದಕ್ಕೇ ‘ನಂಬಿಕೆಯ ಮಟ್ಟ’ ಅನ್ನಿ.

ಬಾಗಲಕೋಟೆಯಿಂದ:
ನಂಬಿಕೆ ದೇವರಿಗೆ. ಯಂತ್ರಕ್ಕೆ ನೆಚ್ಚಿಕೆ. ನನ್ನ ಮಾತು ಮುಗಿಯಿತು.

ವಿಜಯಪುರದಿಂದ:
ಪ್ರಿಂಟ್ ಆಯಿತು. ‘ಎಷ್ಟು ನಂಬಬಹುದು?’ ಅಂತ ಹಾಕಿಸಿದೆ, ಎರಡು ಸಾಲಿನಲ್ಲಿ. ಹುಡುಗ ಒಂದೇ ಸಲಕ್ಕೆ ಸರಿಯಾಗಿ ಹೊಡೆದ. ಮೇಷ್ಟ್ರ ಮಾತಿನಂತೆ ಶೇಕಡಾ ಬಿಟ್ಟು ಹಾರಾಟ, ಸೋಲು ಎರಡೂ ಅಂಕಿ ಕೊಟ್ಟಿದ್ದೇನೆ. ತಲೆಬರಹ ಮಾತ್ರ ಮೊದಲಿನದೇ, ‘ಉಡಾವಣಾ ವಾಹನಗಳು’. ಉಡಾವಣೆ ಎಲ್ಲಿಂದ ಬಂತು ಅಂತ ದಯವಿಟ್ಟು ಈಗ ಯಾರೂ ಶುರು ಮಾಡಬೇಡಿ. ದುಡ್ಡು ಕೊಟ್ಟಾಗಿದೆ.